ನೀರು ಕುಡಿಯುವ ಪರೀಕ್ಷೆ

ಫಿನಾಯಿಲ್ ವಾಸನೆ ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಹಿಗ್ಗಾಗುತ್ತದೆ. ಮೊನ್ನೆ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕಾಲೇಜಿನ ಕಡೆ ಹೊರಟಿದ್ದೆ. ಒಬ್ಬ ಹೆಂಗಸು ಬಕೆಟ್ಟಿನಲ್ಲಿ ಬೆಳ್ಳಗಿನ ನೀರು ಕಲಸಿ ಕಟ್ಟೆಯ ಮೇಲೆ ಸುರುವುತ್ತಿದ್ದಳು. ತೊಗರಿ ಚೀಲಗಳ ಮೇಲೆ ಕುಳಿತಿದ್ದ ಮುದುಕರೊಬ್ಬರು ಟವೆಲ್ಲು ಮೂಗಿಗೆ ಹಿಡಿದು, "ಏನ್ ವಾಸನಿರಿ ಇದು, ತಲಿ ಸಿಡಿತದ" ಎಂದರು. ನಾನು ಅಲ್ಲೇ ನಿಂತು ಎರಡು ಸಲ ದೀರ್ಘವಾಗಿ ಉಸಿರೆಳೆದುಕೊಂಡೆ. ಮುದುಕರು ನನ್ನನ್ನು ಹೇಗೆ ನೋಡಿದರೆಂದು ನೀವೇ ಊಹಿಸಿಕೊಳ್ಳಿ. ಅವರಿಗೆ ಕಾರಣ ಹೇಳುವಷ್ಟು ಹೊತ್ತಿರಲಿಲ್ಲ, ಗಂಟೆ ಹೊಡೆಯುವುದರಲ್ಲಿತ್ತು. ನಿಮಗೆ ಹೇಳುತ್ತೇನೆ.

ನಾನು ಡಿಗ್ರಿ ಕಾಲೇಜುಗಳಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದ ಕೂಡಲೇ ಯಾರೋ ಕರೆದು ಮಣೆ ಹಾಕಿ ಕೂಡಿಸುತ್ತಾರೆ ಅಂದುಕೊಳ್ಳಬೇಡಿ. ವರ್ಷ ವರ್ಷ ಹೊಸ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಮನೆ. ತವರು ನೆಲೋಗಿ, ಇರುವುದು ಕಲಬುರಗಿ. ಇಷ್ಟು ವರ್ಷಗಳಲ್ಲಿ ಆಳಂದ, ಅಫಜಲಪುರ, ಜೇವರಗಿ ಮೂರೂ ಕಡೆಯ ಬಸ್ಸು ಹತ್ತಿದ್ದೇನೆ. ಯಾವ ಬಸ್ಸಿನ ಯಾವ ಸೀಟಿನ ಸ್ಪ್ರಿಂಗು ಸೀರೆ ಹರಿಯುತ್ತದೆ ಎನ್ನುವುದು ನನಗೆ ರಾಷ್ಟ್ರಕೂಟರ ವಂಶಾವಳಿಗಿಂತ ಚೆನ್ನಾಗಿ ಗೊತ್ತು. ಅಫಜಲಪುರದ ಬಸ್ಸು ಚೌಡಾಪುರದಲ್ಲಿ ನಿಂತಾಗ ಎಲ್ಲರೂ ಇಳಿದು ಚಹಾ ಕುಡಿಯುತ್ತಿದ್ದರು. ನಾನು ಇಳಿಯುತ್ತಿರಲಿಲ್ಲ. ಪಕ್ಕದವರು ಕರೆದರೆ "ಚಹಾ ಬಿಟ್ಟೇನ್ರಿ" ಅನ್ನುತ್ತಿದ್ದೆ. ಚಹಾ ಬಿಟ್ಟಿರಲಿಲ್ಲ. ಯಾಕೆ ಹಾಗೆ ಹೇಳುತ್ತಿದ್ದೆ ಎನ್ನುವುದೇ ಈ ಕಥೆ.

ನಡೆದದ್ದು ಯಾವ ಕಾಲೇಜಿನಲ್ಲಿ ಎಂದು ಹೇಳುವುದಿಲ್ಲ. ಆಳಂದದ್ದಲ್ಲ ಎಂದಷ್ಟೇ ತಿಳಿದುಕೊಳ್ಳಿ. ಊರ ಹೊರಗೆ, ಎರಡೂ ಕಡೆ ತೊಗರಿ ಹೊಲ, ಹಿಂದೆ ಜಾಲಿ ಕಂಟಿ, ನಡುವೆ ಎರಡಂತಸ್ತಿನ ಕಟ್ಟಡ. ಒಂದು ವರ್ಷ ಆರಂಭದಲ್ಲೇ ಪ್ರಿನ್ಸಿಪಾಲರು ನನ್ನನ್ನು ಕರೆದು ತೆಳ್ಳಗಿನ ಒಂದು ಸಿಲಬಸ್ ಪುಸ್ತಕ ಕೈಗಿಟ್ಟರು. ಆರೋಗ್ಯ ಮತ್ತು ಸ್ವಾಸ್ಥ್ಯ ಎಂಬ ಹೊಸ ಪತ್ರಿಕೆ. ಕಾಮರ್ಸಿನವರು ಬೇಡವೆಂದಿದ್ದರು, ರಾಜ್ಯಶಾಸ್ತ್ರದವರು ಬೇಡವೆಂದಿದ್ದರು.

"ನಿಮಗ ವರ್ಕ್‌ಲೋಡ್ ಕಮ್ಮಿ ಬೀಳಾಕತ್ತದ್ರಿ ಮೇಡಂ. ಇದನ್ನ ತಗೊಂಡ್ಬಿಡ್ರಿ. ಏನೂ ಇಲ್ಲ ಅದರಾಗ. ಉಸಿರಾಡ್ರಿ, ನೀರು ಕುಡಿರಿ, ನಕ್ಕೋತ ಇರ್ರಿ. ಅಷ್ಟೇ."

ತಗೊಂಡೆ. ಬೆಳಗ್ಗೆ ನಿಂತೇ ಅರ್ಧ ಕಪ್ ಚಹಾದಲ್ಲಿ ಎರಡು ಬಿಸ್ಕೀಟು ಅದ್ದಿ ತಿಂದು, ಬಸ್ಸಿನ ಕಂಬಿಗೆ ಜೋತು ಬೀಳುವ, ಕುತ್ತಿಗೆ ನೋವಿಗೆ ಮುಲಾಮು ಹಚ್ಚಿಕೊಂಡೇ ಮಲಗುವ ಹೆಂಗಸು ಇನ್ನು ಮೇಲೆ ಮಕ್ಕಳಿಗೆ ಸ್ವಾಸ್ಥ್ಯ ಕಲಿಸಬೇಕಿತ್ತು. ಸಿಲಬಸ್ಸಿನಲ್ಲಿ ಒಂದು ಮಾತು ಪದೇ ಪದೇ ಬರುತ್ತಿತ್ತು: ಪ್ರಾಯೋಗಿಕ ಕೌಶಲ. ಪಾಠ ಹೇಳಿ ಬಿಡುವಂತಿಲ್ಲ, ಮಾಡಿಸಬೇಕು. ಹೀಗಾಗಿ ಮೊದಲ ವಾರ ಕಣ್ಣು ಮುಚ್ಚಿ ದೀರ್ಘ ಉಸಿರಾಟ ಮಾಡಿಸಿದೆ. ಪಕ್ಕದ ಹೊಲದಲ್ಲಿ ಉದ್ದಿನ ರಾಶಿ ನಡೆದಿತ್ತು. ಕಿಟಕಿಯಿಂದ ಹೊಟ್ಟು ಒಳಗೆ ಬಂದು, ಮೂರನೆಯ ಉಸಿರಿಗೆ ಇಡೀ ಕ್ಲಾಸು ಸೀನತೊಡಗಿತು. ಎರಡನೆಯ ವಾರ ಸಮತೋಲ ಆಹಾರ. ಪುಸ್ತಕದಲ್ಲಿದ್ದಂತೆ ಓಟ್ಸ್ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬಹಳ ವಿನಯದಿಂದ, "ಮೇಡಂ, ಅದನ್ನ ಇಲೆಕ್ಷನ್‌ದಾಗ ಹಾಕ್ತೇವಲ್ರಿ, ತಿಂತಾರೇನ್ರಿ?" ಎಂದು ಕೇಳಿದ. ಅಳಿಸಿ ಜೋಳ, ತೊಗರಿ, ಶೇಂಗಾ ಎಂದು ಬರೆದೆ. ಅಷ್ಟರಮಟ್ಟಿಗೆ ನಾನೂ ಕಲಿತೆ.

ಮೂರನೆಯ ವಾರ ನೀರು. "ದಿನಕ್ಕೆ ಎಂಟು ಲೋಟ" ಎಂದು ದುಂಡಗೆ ಬರೆದು, ನೀರು ಕಡಿಮೆಯಾದರೆ ತಲೆನೋವು, ಸುಸ್ತು, ಉರಿಮೂತ್ರ, ಕಿಡ್ನಿಯ ಕಲ್ಲು ಎಲ್ಲ ಬರುತ್ತವೆ ಎಂದು ವಿವರಿಸುತ್ತಿದ್ದೆ. ಮೂರನೆಯ ಬೆಂಚಿನಲ್ಲಿ ಭಾಗ್ಯವಂತಿ ಎಂಬ ಹುಡುಗಿ ಎದ್ದು ನಿಂತಳು. ಸಣ್ಣ ಮೈಕಟ್ಟು, ಮಾತು ಕಡಿಮೆ, ನೋಟ್ಸು ಮಾತ್ರ ಮುತ್ತಿನಂತೆ ಬರೆಯುವವಳು.

"ಮೇಡಂ, ನೀವ್ ಎಷ್ಟ್ ಲೋಟ ಕುಡಿತೀರಿ?"

"ಎಂಟು," ಎಂದೆ. ಸುಮ್ಮನಿರಲಾಗದೆ, "ಕೆಲವೊಮ್ಮೆ ಒಂಬತ್ತು" ಎಂದೂ ಸೇರಿಸಿದೆ.

"ನಾ ದಿನಾ ನಿಮ್ಮ ಬಸ್ಸಿಗೇ ಬರ್ತೇನ್ರಿ," ಎಂದಳು ಅವಳು. "ನಿಮ್ಮ ಬಾಟ್ಲಿ ಮುಂಜಾನಿ ತುಂಬಿರ್ತದ. ಸಂಜಿಗಿ ಹೋಗಾಗೂ ತುಂಬೇ ಇರ್ತದ."

ಕ್ಲಾಸು ನಕ್ಕಿತು. ನಗು ಹುಡುಗರ ಕಡೆಯಿಂದ ಬಂತು. ಹುಡುಗಿಯರ ಕಡೆ ಯಾರೂ ನಗಲಿಲ್ಲ. ಅದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

"ತಪ್ಪ್ ತಿಳ್ಕೋಬ್ಯಾಡ್ರಿ ಮೇಡಂ. ನಾವೂ ಹಂಗೇ ಮಾಡ್ತೇವ್ರಿ. ಕುಡದ್ರ ಎಲ್ಲಿಗಿ ಹೋಗಬೇಕ್ರಿ?"

ನಾನು ಚಾಕ್‌ಪೀಸು ಕೆಳಗಿಟ್ಟೆ.

ಕಾಲೇಜಿನಲ್ಲಿ ಶೌಚಾಲಯ ಇರಲಿಲ್ಲವೆಂದಲ್ಲ. ಇತ್ತು, ಚೆಂದವಾಗಿತ್ತು. ಗೋಡೆಗೆ ಆಳೆತ್ತರ ಬಿಳಿ ಟೈಲ್ಸು, ಬಾಗಿಲಿಗೆ ಹಸಿರು ಬಣ್ಣ, ಮೇಲೆ "ಮಹಿಳೆಯರು" ಎಂಬ ಬೋರ್ಡು. ಕಾಲೇಜನ್ನು ನೋಡಲು ಹೊರಗಿನಿಂದ ಒಂದು ಕಮಿಟಿ ಬರುವುದಿದ್ದಾಗ ಅವಸರದಲ್ಲಿ ಕಟ್ಟಿಸಿದ್ದರು. ಕಮಿಟಿ ಬಂದ ದಿನ ಒಳಗೆ ತುಂಬಿದ ಬಕೆಟ್ಟು, ಸಾಬೂನು, ಹೊಸ ಟವೆಲ್ಲು ಇಟ್ಟು ಬಾಗಿಲು ತೆರೆದಿದ್ದರು. ಕಮಿಟಿಯವರು ಇಣುಕಿ ನೋಡಿ ತಲೆದೂಗಿದರು. ಅವರ ಕಾರು ಗೇಟು ದಾಟಿದ ಮೇಲೆ ಬೀಗ ಬಿತ್ತು. ಮುಂದಿನ ಕಮಿಟಿಯವರೆಗೆ ಟೈಲ್ಸು ಹಾಗೇ ಹೊಳೆಯುತ್ತಿರಬೇಕಲ್ಲ.

ಹುಡುಗರು ಗೋಡೆಯ ಹಿಂದೆ ಹೋಗುತ್ತಿದ್ದರು. ಕಾಯಂ ನೌಕರಿಯ ಇಬ್ಬರು ಮೇಡಂಗಳ ಮನೆ ಊರಲ್ಲೇ ಇತ್ತು, ಮಧ್ಯಾಹ್ನ ಹೋಗಿ ಬರುತ್ತಿದ್ದರು. ಹುಡುಗಿಯರು ಬೆಳಗ್ಗೆ ಎದ್ದಾಗಿನಿಂದ ನೀರು ಮುಟ್ಟುತ್ತಿರಲಿಲ್ಲ. ತಿಂಗಳಲ್ಲಿ ನಾಲ್ಕು ದಿನ ಕಾಲೇಜಿಗೇ ಬರುತ್ತಿರಲಿಲ್ಲ. ಹಾಜರಿ ಕಡಿಮೆಯಾದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದಾಗ ಅದರಲ್ಲಿ ಹೆಚ್ಚಿನವು ಹುಡುಗಿಯರ ಹೆಸರೇ ಇರುತ್ತಿದ್ದವು. "ಹೆಣ್ಮಕ್ಕಳಿಗೆ ಓದಿನ ಮ್ಯಾಲ ಲಕ್ಷ್ಯ ಇಲ್ಲ" ಎಂದು ಸ್ಟಾಫ್‌ರೂಮಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನೂ ಅಲ್ಲೇ ಕುಳಿತಿರುತ್ತಿದ್ದೆ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು ಹೌದೌದು ಎಂದಿದ್ದೂ ಇದೆ.

ನನ್ನ ಸ್ಥಿತಿ ಕೇಳಿ. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ಮರಳುವುದು. ಅಲ್ಲಿಯವರೆಗೆ ಒಂದಕ್ಕೆ ಹೋಗದೆ ಕಟ್ಟಿಕೊಂಡಿರುವುದು ಒಂದು ವಿದ್ಯೆ ಎಂಬಂತೆ ರೂಢಿಸಿಕೊಂಡಿದ್ದೆ. ಮೊದಲ ವರ್ಷದ ಮಕ್ಕಳಿಗೆ ಸಿಂಧೂ ಕಣಿವೆಯ ಪಾಠ ಮಾಡುವಾಗ, ಸಾವಿರಾರು ವರ್ಷಗಳ ಹಿಂದೆಯೇ ಅಲ್ಲಿ ಮನೆ ಮನೆಗೆ ಬಚ್ಚಲಿತ್ತು, ಮುಚ್ಚಿದ ಚರಂಡಿಯಿತ್ತು ಎಂದು ಕೈ ಬೀಸಿ ವರ್ಣಿಸುತ್ತಿದ್ದೆ. ವರ್ಣಿಸುವಾಗ ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದಂತೆ ನೋವು. ಎರಡು ಸಲ ಚಳಿಜ್ವರ ಬಂದು ಮಲಗಿದ್ದೆ. ಡಾಕ್ಟರಮ್ಮ, "ನೀರು ಚೆನ್ನಾಗಿ ಕುಡೀಬೇಕು" ಎಂದರೆ "ಆಯ್ತ್ರಿ" ಎಂದು ಗುಳಿಗೆ ತಗೊಂಡು ಬರುತ್ತಿದ್ದೆ. ಇದು ಕಾಲೇಜಿನ ತಪ್ಪು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ಮೈಯದ್ದೇ ತಪ್ಪು ಅಂದುಕೊಂಡಿದ್ದೆ.

ಭಾಗ್ಯವಂತಿ ಕೇಳಿದ ಮೇಲಾದರೂ ಏನಾದರೂ ಮಾಡಿದೆನೇ? ಇಲ್ಲ. "ನೋಡೋಣ, ಹೇಳ್ತೇನಿ" ಎಂದು ಕ್ಲಾಸಿಗೆ ಹೇಳಿ ಮಾನಸಿಕ ಒತ್ತಡ ನಿರ್ವಹಣೆಯ ಪಾಠಕ್ಕೆ ಹೋದೆ. ಮೂರು ವಾರ ಹೀಗೇ ಕಳೆದವು. ಅದರ ಮುಂದಿನ ವಾರ ಅವಳು ಬಸ್ಸಿನಲ್ಲಿ ಕಾಣಲಿಲ್ಲ. ಕ್ಲಾಸಿಗೂ ಬರಲಿಲ್ಲ. ಅವಳ ಊರಿನ ಗೆಳತಿಯನ್ನು ಕೇಳಿದರೆ, ಉರಿ ತಡೆಯಲಾಗದೆ ಜ್ವರ ಏರಿ ದವಾಖಾನೆಗೆ ಸೇರಿಸಿದ್ದಾರೆ, ಸಲಾಯಿನ್ ಹಚ್ಚಿದ್ದಾರೆ ಎಂದಳು.

ಹತ್ತು ದಿನದ ಮೇಲೆ ಅವಳ ತಂದೆ ಮಲ್ಲಪ್ಪನವರು ಕಾಲೇಜಿಗೆ ಬಂದರು. ಮಗಳ ಟಿ.ಸಿ. ಕೊಡಿ ಎಂಬ ಅರ್ಜಿ ಹಿಡಿದು ಆಫೀಸಿನ ಮುಂದಿನ ಬೆಂಚಿನ ಮೇಲೆ ಕುಳಿತಿದ್ದರು. ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಸಿಮೆಂಟು. ನಾನು ಹೋಗಿ ಪಕ್ಕದಲ್ಲಿ ಕುಳಿತು ಪರಿಚಯ ಹೇಳಿಕೊಂಡೆ.

"ಕಾಲೇಜಿಗಿ ಕಳಿಸಿದ್ದು ಓದಾಕ್ರಿ ಬಾಯಾರ, ರೋಗ ತರಾಕಲ್ಲ," ಎಂದರು. ನಮ್ಮ ಕಡೆ ಮೇಡಂ ಎಂದರೆ ಬಾಯಾರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಡಾಕ್ಟ್ರು ಕೇಳಿದ್ರ ನೀರೇ ಕುಡಿಯಂಗಿಲ್ಲ ಅಂತಾಳ. ಯಾಕ ಕುಡಿಯಂಗಿಲ್ಲ ಅಂದ್ರ ಗ್ವಾಡಿ ಕಡಿ ಮಾರಿ ಮಾಡಿ ಸುಮ್ಮ ಮಲಗ್ತಾಳ. ಸಾಕ್ರಿ, ಮನ್ಯಾಗೇ ಇರ್ಲಿ."

ಮಗಳು ತಂದೆಗೆ ಹೇಳಲಾರದ್ದನ್ನು ನಾನು ಹೇಳಬೇಕಾಯಿತು. ನಾಚಿಕೆಯಾಯಿತು. ಮೊದಲು ನೆಲ ನೋಡಿಕೊಂಡು ಹೇಳತೊಡಗಿದೆ. ಅರ್ಧಕ್ಕೆ ಬಂದಾಗ, ಇದರಲ್ಲಿ ನಾನೇಕೆ ನೆಲ ನೋಡಬೇಕು ಅನ್ನಿಸಿ ತಲೆ ಎತ್ತಿ ಹೇಳಿ ಮುಗಿಸಿದೆ. ಬೀಗ ಬಿದ್ದ ಹಸಿರು ಬಾಗಿಲನ್ನೂ ಬೆರಳು ಮಾಡಿ ತೋರಿಸಿದೆ.

ಮಲ್ಲಪ್ಪನವರು ಎದ್ದು ಹೋಗಿ ಆ ಬೀಗವನ್ನು ಎಳೆದು ನೋಡಿ ಬಂದರು. "ನಾ ಗೌಂಡಿ ಅದೇನ್ರಿ," ಎಂದರು. "ಕಲಬುರಗ್ಯಾಗ ಎಷ್ಟ್ ಮನಿಗಿ ಸಂಡಾಸ ಕಟ್ಟಿ ಕೊಟ್ಟೇನೋ ನನಗೇ ನೆನಪಿಲ್ಲ. ನನ್ನ ಮಗಳಿಗಿ..." ನನ್ನ ಕಡೆ ತಿರುಗಿ, "ನೀವೇನ್ ಕಲಸ್ತೀರಿ ಬಾಯಾರ ಆಕಿಗಿ?" ಎಂದು ಕೇಳಿದರು.

"ಇತಿಹಾಸ್ರಿ. ಮತ್ತ, ನೀರು ಕುಡಿಯಾದು."

"ನೀರು ಕುಡಿಯಾದು ನಮ್ಮ ಎಮ್ಮಿಗೂ ಬರ್ತದಲ್ರಿ."

"ಬರ್ತದ್ರಿ ಮಲ್ಲಪ್ಪನೋರ. ಎಮ್ಮಿಗಿ ಯಾರೂ ಕೀಲಿ ಹಾಕಿಲ್ಲ."

ಅವರು ನನ್ನನ್ನೊಮ್ಮೆ ನೋಡಿ, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. "ಒಂದ್ ವಾರ ನೋಡ್ತೇನ್ರಿ. ಸೋಮವಾರ ಬರ್ತೇನಿ. ಆಗ್ಲಿಲ್ಲಂದ್ರ ಟಿ.ಸಿ. ಕೊಡಸ್ರಿ."

ಅದೇ ಮಧ್ಯಾಹ್ನ ಆಫೀಸಿನ ಸುಪರಿಂಟೆಂಡೆಂಟರ ಟೇಬಲ್ಲಿನ ಮುಂದೆ ಹೋಗಿ ನಿಂತೆ. ಬೀಗದ ಕೀಲಿಕೈ ಇರುತ್ತಿದ್ದುದು ಅವರ ಡ್ರಾದಲ್ಲಿ. ಕೆಟ್ಟ ಮನುಷ್ಯರಲ್ಲ, ನನ್ನ ಬಿಲ್ಲು ತಡವಾದಾಗ ತಾವೇ ಮುಂದೆ ನಿಂತು ಮಾಡಿಸಿ ಕೊಟ್ಟಿದ್ದಾರೆ. ಆದರೆ ಕಾಲೇಜಿನ ಪ್ರತಿ ವಸ್ತುವೂ ಯಾರಾದರೂ ಬಳಸಿ ಹಾಳುಮಾಡಲೆಂದೇ ಕಾದಿದೆ ಎಂದು ಅವರಿಗೆ ಅನ್ನಿಸುತ್ತಿತ್ತು.

"ಚಾವಿ ಕೊಟ್ರ ಆ ಟೈಲ್ಸ್ ಉಳಿತಾವೇನ್ರಿ ಮೇಡಂ? ನಾಳೆ ಕಮಿಟಿ ಬಂದ್ರ ಏನ್ ತೋರಸಬೇಕ್ರಿ?"

"ಕಮಿಟಿ ಯಾವಾಗ ಬರ್ತದ್ರಿ?"

"ಇನ್ನೂ ಎರಡ್ಮೂರು ವರ್ಷ ಅದ."

"ಅಲ್ಲಿತನಕ ಹುಡುಗ್ಯಾರು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟ್ ದಿನ ಹ್ಯಾಂಗ್ ನಡದದ, ಹಂಗೇ ನಡಿತದ್ರಿ." ಆಮೇಲೆ ದನಿ ಇಳಿಸಿ, ನಿಜವಾದ ಕಾಳಜಿಯಿಂದಲೇ ಹೇಳಿದರು: "ನೀವು ಗೆಸ್ಟ್ ಇದ್ದೀರಿ. ಇಂಥಾದ್ರಾಗ ಬೀಳಬ್ಯಾಡ್ರಿ."

ನನಗೆ ಸಿಟ್ಟು ತಡವಾಗಿ ಬರುತ್ತದೆ. ಎದುರಿಗಿದ್ದಾಗ "ಹೌದ್ರಿ" ಎಂದು ಬಂದುಬಿಟ್ಟೆ. ಬಸ್ಸು ನಾಲ್ಕು ಹಳ್ಳಿ ದಾಟಿದ ಮೇಲೆ ಕಿವಿ ಬಿಸಿಯಾಯಿತು. ಕಲಬುರಗಿ ತಲುಪುವಷ್ಟರಲ್ಲಿ ಮನಸ್ಸಿನಲ್ಲೇ ಅವರೊಂದಿಗೆ ನಾಲ್ಕಾರು ಸಲ ಜಗಳವಾಡಿ ಗೆದ್ದಿದ್ದೆ. ಹೆದರಿಕೆಯೂ ಇತ್ತು. ಮುಂದಿನ ವರ್ಷದ ಪಟ್ಟಿ, ಮನೆ ಬಾಡಿಗೆ, ಎಲ್ಲ ಕಣ್ಣ ಮುಂದೆ ಬಂದವು. ಆದರೆ ನನಗಿಂತ ಹೆಚ್ಚು ಹೆದರಬೇಕಾದ ಹುಡುಗಿ ಇಡೀ ಕ್ಲಾಸಿನ ಮುಂದೆ ಎದ್ದು ನಿಂತು ಕೇಳಿದ್ದಳು. ಮನೆಗೆ ಬಂದು ಸಿಲಬಸ್ ಪುಸ್ತಕ ತೆಗೆದೆ. ವಿದ್ಯಾರ್ಥಿಗಳು ಒಳ್ಳೆಯ ಅಭ್ಯಾಸಗಳನ್ನು ಮಾಡಿ ತೋರಿಸಬೇಕು, ಅದಕ್ಕೆ ಅಂಕ ಕೊಡಬೇಕು ಎಂದು ಸ್ಪಷ್ಟವಾಗಿತ್ತು. ಮಾಡಿ ತೋರಿಸಬೇಕು. ಸರಿ, ತೋರಿಸೋಣ ಎಂದುಕೊಂಡೆ.

ಮರುದಿನ ನೋಟಿಸು ಬರೆದೆ. ಆರೋಗ್ಯ ಪತ್ರಿಕೆಯ ಪ್ರಾಯೋಗಿಕ ಪರೀಕ್ಷೆ, ಸೋಮವಾರ ಹತ್ತೂವರೆಗೆ, ಆಫೀಸಿನ ಮುಂದಿನ ವರಾಂಡದಲ್ಲಿ. ಪ್ರತಿಯೊಬ್ಬರೂ ಒಂದು ಬಾಟಲಿ ಕುಡಿಯುವ ನೀರು ತರಬೇಕು. ಪ್ರಿನ್ಸಿಪಾಲರು ಎರಡು ಫೈಲುಗಳ ನಡುವೆ ಸಹಿ ಹಾಕಿದರು. ಓದಲಿಲ್ಲ. ಓದಿದ್ದರೂ ಅದರಲ್ಲಿ ತಕರಾರು ತೆಗೆಯುವಂಥದ್ದೇನೂ ಇರಲಿಲ್ಲ.

ಹುಡುಗಿಯರಿಂದ ಮಾತ್ರ ಏನನ್ನೂ ಮುಚ್ಚಿಡಲಿಲ್ಲ. ಶುಕ್ರವಾರ ಅವರನ್ನಷ್ಟೇ ಕೂಡಿಸಿ ಹೇಳಿದೆ: ಎರಡು ಲೋಟ ಕುಡಿಯುವುದು, ಆಮೇಲೆ ಎಲ್ಲರೂ ಸೇರಿ ಕೀಲಿಕೈ ಕೇಳುವುದು. ಕುಡಿಯುವುದು ನಿಮ್ಮಿಷ್ಟ, ಕುಡಿಯದಿದ್ದರೂ ಅಂಕ ಕೊಡುತ್ತೇನೆ.

"ಚಾವಿ ಕೊಡ್ಲಿಲ್ಲಂದ್ರ ಏನ್ ಮಾಡಬೇಕ್ರಿ ಮೇಡಂ?" ಎಂದು ಮುಂದಿನ ಬೆಂಚಿನವಳು ಕೇಳಿದಳು.

"ಗೊತ್ತಿಲ್ಲವ್ವ."

ಹಿಂದಿನಿಂದ ಒಬ್ಬಳು, "ಅವರ ಟೇಬಲ್ ಮುಂದೇ ಕೂಡೂಣು ಬೇ" ಎಂದಳು. ಅಂದು ಹುಡುಗಿಯರೂ ನಕ್ಕರು.

ಸೋಮವಾರ ಹತ್ತೂವರೆಗೆ ವರಾಂಡ ತುಂಬಿತ್ತು. ತಿಂಗಳಲ್ಲಿ ಅರ್ಧದಷ್ಟು ದಿನ ಬಾರದವರೂ ಬಂದಿದ್ದರು. ಭಾಗ್ಯವಂತಿ ಬಂದಿದ್ದಳು, ಮುಖ ಇನ್ನೂ ಬಿಳಚಿತ್ತು. ಮಲ್ಲಪ್ಪನವರು ಅದೇ ಬೆಂಚಿನ ಮೇಲೆ, ಅದೇ ಅರ್ಜಿ ಕಿಸೆಯಲ್ಲಿಟ್ಟುಕೊಂಡು ಕುಳಿತಿದ್ದರು. ನಾನು ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರ ಹೆಸರು ಕೂಗಿದೆ. ಹೆಸರು ಕೂಗಿದಂತೆ ಒಬ್ಬೊಬ್ಬಳೂ ಮುಂದೆ ಬಂದು ನೀರು ಕುಡಿದಳು. ಒಬ್ಬಳು ಬಾಟಲಿ ಹಿಡಿದು ಹಿಂಜರಿದಾಗ ಗೆಳತಿ, "ಕುಡಿ ಬೇ, ಇವತ್ತೇನ್ ನಾಚಿಕಿ" ಎಂದು ಭುಜ ತಟ್ಟಿದಳು. ಹುಡುಗರೂ ಕುಡಿದರು. ಕೊನೆಗೆ ನಾನು ನನ್ನ ಚೀಲದಿಂದ ಬಾಟಲಿ ತೆಗೆದು, ಎಲ್ಲರ ಮುಂದೆ ನಿಂತು, ತಳ ಕಾಣುವವರೆಗೆ ಕುಡಿದೆ. ಕಾಲೇಜಿನ ಆವರಣದಲ್ಲಿ ಅಷ್ಟು ನೀರು ಕುಡಿದದ್ದು ಅದೇ ಮೊದಲು. ಗಂಟಲಲ್ಲಿ ಇಳಿಯುತ್ತಿದ್ದ ತಂಪು ನನಗೆ ಇವತ್ತಿಗೂ ನೆನಪಿದೆ.

ಆಮೇಲೆ ಕಾದೆವು. ಕಾಯುವಾಗ ನಾನು ಅಂಕಪಟ್ಟಿಯಲ್ಲಿ ಗೆರೆ ಎಳೆಯುತ್ತಿದ್ದೆ, ಒಂದೇ ಗೆರೆಯನ್ನು ಎರಡೆರಡು ಸಲ. ಮುಕ್ಕಾಲು ಗಂಟೆಯಲ್ಲಿ ಹುಡುಗಿಯರು ಕಾಲು ಬದಲಿಸಿ ನಿಲ್ಲತೊಡಗಿದರು. ನಾನೂ ಬದಲಿಸಿದೆ. ಒಂದು ಗಂಟೆಯ ಹೊತ್ತಿಗೆ ಭಾಗ್ಯವಂತಿ ನನ್ನ ಕಡೆ ನೋಡಿ, "ಹೋಗೂಣ್ರಿ ಮೇಡಂ" ಎಂದಳು. ಎಲ್ಲರೂ ಆಫೀಸಿನೊಳಗೆ ನಡೆದೆವು. ಒಳಗೆ ಹಿಡಿಸದವರು ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತರು.

"ಸರ್, ಚಾವಿ ಕೊಡ್ರಿ," ಎಂದಳು ಭಾಗ್ಯವಂತಿ. ಸ್ಪಷ್ಟವಾಗಿ, ಗ್ರಂಥಾಲಯದ ಪುಸ್ತಕ ಕೇಳಿದಂತೆ.

ಸುಪರಿಂಟೆಂಡೆಂಟರು ಅಷ್ಟು ಜನರನ್ನು ನೋಡಿ ಗಾಬರಿಯಾದರು. ಡ್ರಾದ ಮೇಲೆ ಕೈಯಿಟ್ಟುಕೊಂಡೇ, "ಚಾವಿ ಮನ್ಯಾಗ ಬಿಟ್ಟ್ ಬಂದೀನಿ. ನಾಳಿಗಿ ನೋಡಮಿ" ಎಂದರು.

ಯಾರೂ ಅಲುಗಲಿಲ್ಲ. ಆಗ ಮೂಲೆಯಲ್ಲಿ ಕಪಾಟು ಒರೆಸುತ್ತಿದ್ದ ಶಾಂತಾಬಾಯಿ ಕೈಲಿದ್ದ ಬಟ್ಟೆ ಕೆಳಗಿಟ್ಟಳು. ಶಾಂತಾಬಾಯಿ ಕಾಲೇಜಿನ ಕಸ ಗುಡಿಸುವ ಹೆಂಗಸು. ಬಂದು ಹೋಗುವವರೆಲ್ಲ ಅವಳನ್ನು ದಾಟಿಕೊಂಡು ಹೋಗುತ್ತಿದ್ದರು, ಮಾತಾಡಿಸುವವರು ಕಡಿಮೆ. ಅವಳು ಸೀದಾ ಬಂದು, "ಕೈ ತಗೀರಿ ಸಾಹೇಬ್ರ" ಎಂದು ಡ್ರಾ ಎಳೆದು, ಕೆಂಪು ದಾರ ಕಟ್ಟಿದ ಕೀಲಿಕೈ ತೆಗೆದಳು.

"ಯಾರ್ನ ಕೇಳಿ ತಗೊಂಡಿ?" ಎಂದು ಅವರು ಎದ್ದು ನಿಂತರು.

"ವಾರಕ್ಕೊಮ್ಮಿ ತೊಳಿಯಾಕ ತಗೋತೇನಲ್ರಿ, ಅವಾಗ ಯಾರ್ನ ಕೇಳ್ತಿದ್ದೆ?" ಎಂದಳು ಶಾಂತಾಬಾಯಿ. "ಯಾರೂ ಹೋಗ್ಲಾರದ ಸಂಡಾಸ ಶನಿವಾರಕ್ಕೊಮ್ಮಿ ಫಿನಾಯಿಲ್ ಹಾಕಿ ತೊಳಿತೇನ್ರಿ. ನಾ ಮಾತ್ರ ಅದರಾಗ ಹೋಗಬಾರದು, ಕಂಟಿ ಹಿಂದ ಹೋಗಬೇಕು. ತೊಳಿಬೇಕಂದ್ರ ಮೊದ್ಲು ಹೊಲಸ್ ಆಗಬೇಕಲ್ರಿ. ಇವತ್ತ ಆಗ್ಲಿ. ನಾ ತೊಳಿತೇನಿ."

ಅವಳು ಮುಂದೆ, ಹುಡುಗಿಯರು ಹಿಂದೆ. ಹಸಿರು ಬಾಗಿಲು ತೆರೆದಾಗ ಮೊದಲು ಬಂದದ್ದು ಶನಿವಾರದ ಫಿನಾಯಿಲ್ ವಾಸನೆ. ಬಸ್‌ಸ್ಟ್ಯಾಂಡಿನ ಮುದುಕರಿಗೆ ನಾನು ಹೇಳಲಾಗದೆ ಹೋದದ್ದು ಇದೇ. ಒಳಗೆ ಟೈಲ್ಸಿನ ಮೇಲೆ ಕಂಪನಿಯ ಚೀಟಿಗಳು ಹಾಗೇ ಅಂಟಿಕೊಂಡಿದ್ದವು. ಒಬ್ಬಳು ನಲ್ಲಿ ತಿರುವಿದಳು. ಬರೀ ಗಾಳಿ ಬಂತು.

ಹೊರಗೆ ನಿಂತಿದ್ದ ಮಲ್ಲಪ್ಪನವರು ಗೋಡೆಯ ಸುತ್ತ ಒಂದು ಸುತ್ತು ಹಾಕಿ, ಕತ್ತೆತ್ತಿ ಮಾಳಿಗೆ ನೋಡಿ ಬಂದರು. "ಪೈಪ್ ಜೋಡ್ಸೇ ಇಲ್ರಿ ಇದಕ. ಟಾಕಿ ಮ್ಯಾಲ ಅದ, ನಳ ಕೆಳಗ ಅದ, ನಡುಕ ಏನೂ ಇಲ್ಲ," ಎಂದರು. ಕೆಲಸಗಾರ ಬೇರೊಬ್ಬನ ಕಳ್ಳಗೆಲಸ ಕಂಡಾಗ ಪಡುವ ಅಸಹ್ಯ ಅವರ ಮುಖದಲ್ಲಿತ್ತು. ಅಷ್ಟರಲ್ಲಿ ಓಟ್ಸಿನ ಹುಡುಗ ಮತ್ತು ಅವನ ಗೆಳೆಯರು ಯಾರೂ ಹೇಳದೆಯೇ ಬೋರಿನಿಂದ ಬಕೆಟ್ಟುಗಳಲ್ಲಿ ನೀರು ತಂದು ಬಾಗಿಲ ಹೊರಗಿಟ್ಟು, ಬೇರೆ ಕಡೆ ಮುಖ ಮಾಡಿಕೊಂಡು ದೂರ ಹೋದರು. ಅವರಿಗೂ ಆ ಪ್ರಾಯೋಗಿಕದಲ್ಲಿ ಪೂರ್ತಿ ಅಂಕ ಕೊಟ್ಟೆ.

ಸರದಿಯಲ್ಲಿ ಶಾಂತಾಬಾಯಿಯನ್ನು ಮೊದಲು ನಿಲ್ಲಿಸಿದರು. ನಾನು ಎಲ್ಲರಿಗಿಂತ ಕೊನೆಗೆ ನಿಂತೆ. ಟೀಚರ್ ಎಂಬ ಗತ್ತಿಗೆ ಹಾಗೆ ನಿಂತೆನಾದರೂ, ನನ್ನ ಸರದಿ ಬರುವವರೆಗೆ ನಾನು ಕಲಿಸಿದ ಶ್ವಾಸದ ಅಭ್ಯಾಸಗಳೆಲ್ಲ ಕೆಲಸಕ್ಕೆ ಬಂದವು.

ಮರುದಿನ ಬೆಳಗ್ಗೆ ಮಲ್ಲಪ್ಪನವರು ಸಾಮಾನಿನ ಚೀಲ ತಗೊಂಡು, ಪೈಪು ಹೊತ್ತ ಗೆಳೆಯನೊಬ್ಬನನ್ನು ಕರೆದುಕೊಂಡು ಬಂದರು. ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿ, "ಮಾಡ್ಲಿ ಬಿಡ್ರಿ. ಕಾಗದದ ಮ್ಯಾಲ ಏನೂ ಬ್ಯಾಡ" ಎಂದರು. ಮಧ್ಯಾಹ್ನಕ್ಕೆ ನಳದಲ್ಲಿ ನೀರು ಬಂತು. ಮಲ್ಲಪ್ಪನವರು ಕೈ ತೊಳೆದುಕೊಂಡು, ಕಿಸೆಯಿಂದ ಅರ್ಜಿ ತೆಗೆದು, ಒದ್ದೆ ಕೈಯಲ್ಲೇ ಮುದ್ದೆ ಮಾಡಿ ಎಸೆದರು. ಮಗಳಿಗೆ, "ಇನ್ನ ಕುಡದ್ ಬಾ" ಎಂದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ವಾರದೊಳಗೆ ನನಗೊಂದು ಮೆಮೋ ಬಂತು: ಪ್ರಾಯೋಗಿಕ ಪರೀಕ್ಷೆಯನ್ನು ದುರುಪಯೋಗ ಮಾಡಿ ಕಾಲೇಜಿನ ಶಿಸ್ತಿಗೆ ಧಕ್ಕೆ ತಂದಿದ್ದೀರಿ, ವಿವರಣೆ ಕೊಡಿ. ಸಿಲಬಸ್ ಪುಸ್ತಕದ ಪುಟ ಬರೆದು, ವಿದ್ಯಾರ್ಥಿಗಳು ಎರಡು ಲೋಟ ನೀರು ಕುಡಿದರು, ಆಮೇಲೆ ನೀರು ಕುಡಿದವರು ಹೋಗುವ ಕಡೆ ಹೋದರು, ಎಲ್ಲರೂ ಪಾಸಾಗಿದ್ದಾರೆ ಎಂದು ಉತ್ತರ ಕೊಟ್ಟೆ. ಒಂದಕ್ಷರವನ್ನೂ ಮೆತ್ತಗೆ ಮಾಡಲಿಲ್ಲ. ಶಾಂತಾಬಾಯಿಯನ್ನು ಆಫೀಸಿನಿಂದ ತೆಗೆದು ಲೈಬ್ರರಿಯ ಧೂಳು ಒರೆಸಲು ಹಾಕಿದರು. ನಾನು ಕ್ಷಮೆ ಕೇಳಲು ಹೋದರೆ, "ಅಲ್ಲಿ ಫ್ಯಾನ್ ಅದರಿ ಮೇಡಂ, ಬೇಫಿಕರ್ ಇರ್ರಿ" ಎಂದಳು.

ಮುಂದಿನ ವರ್ಷದ ಪಟ್ಟಿಯಲ್ಲಿ ಆ ಕಾಲೇಜಿನ ಎದುರು ನನ್ನ ಹೆಸರಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿತ್ತೆಂದು ನಾನು ಸಾಬೀತು ಮಾಡಲಾರೆ. ಆರು ತಿಂಗಳು ಮನೆಯಲ್ಲಿದ್ದೆ. ಒಂದು ದಿನ ಅತ್ತಿದ್ದೂ ಉಂಟು. ಆ ಸೋಮವಾರವನ್ನು ನೆನೆದಲ್ಲ, ಪಟ್ಟಿಯನ್ನು ನೆನೆದು. ಸುಮ್ಮನಿದ್ದಿದ್ದರೆ ಎಂದು ಕೇಳುವವರು ಈಗಲೂ ಇದ್ದಾರೆ. ಸುಮ್ಮನಿದ್ದೆನಲ್ಲ, ವರ್ಷಗಟ್ಟಲೆ. ಅದಕ್ಕೆ ಸಿಕ್ಕಿದ್ದು ಎರಡು ಚಳಿಜ್ವರ ಮತ್ತು ಒಂದು ಡಬ್ಬಿ ಗುಳಿಗೆ.

ಭಾಗ್ಯವಂತಿ ಡಿಗ್ರಿ ಮುಗಿಸಿ ಈಗ ಕಲಬುರಗಿಯಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ. ನಾನು ಹೋದ ಮೇಲೆ ಆ ಬಾಗಿಲಿಗೆ ಇನ್ನೊಮ್ಮೆ ಬೀಗ ಬಿದ್ದಿತ್ತಂತೆ. ಅವಳು ಮತ್ತು ಕಿರಿಯ ಹುಡುಗಿಯರು ಮತ್ತೆ ಆಫೀಸಿಗೆ ಹೋದರಂತೆ. "ಈ ಸಲ ನೀರು ಕುಡಿಯಾದೇನ್ ಬೇಕಾಗ್ಲಿಲ್ರಿ ಮೇಡಂ," ಎಂದು ಫೋನಿನಲ್ಲಿ ಹೇಳಿದಳು. "ಹೋಗಿ ಬಾಗಲದಾಗ ನಿಂತೇವ್ರಿ, ಅಷ್ಟೇ. ಚಾವಿ ತಾವೇ ಕೊಟ್ರು."

ಈಗ ಆಳಂದಕ್ಕೆ ಬಂದಿದ್ದೇನೆ. ಈ ಸಲ ಆರೋಗ್ಯ ಪತ್ರಿಕೆಯನ್ನು ನಾನೇ ಕೇಳಿ ತಗೊಂಡೆ. ಇಲ್ಲಿ ಬಾಗಿಲಿಗೆ ಬೀಗವಿಲ್ಲ, ನಳದಲ್ಲಿ ನೀರಿದೆ. ಆದರೂ ಮೊದಲ ತಿಂಗಳು ಹುಡುಗಿಯರು ಕ್ಲಾಸಿನ ನಡುವೆ ಏಳುತ್ತಿರಲಿಲ್ಲ. ಸ್ಕೂಲಿನಿಂದಲೂ ಕಟ್ಟಿಕೊಂಡೇ ಬೆಳೆದವರು, ಎಲ್ಲರ ಎದುರು ಎದ್ದು ಹೋಗುವುದೆಂದರೆ ಜೀವ ಹೋದಂತೆ. ಅದಕ್ಕೆ ಒಂದು ಪಾಠ ಸೇರಿಸಿದ್ದೇನೆ. ಅರ್ಧ ಗಂಟೆ ಕಳೆದ ಮೇಲೆ ಚಾಕ್‌ಪೀಸು ಇಟ್ಟು, ಹುಡುಗರು ಹುಡುಗಿಯರು ಎನ್ನದೆ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ: "ನಾ ಸಂಡಾಸಕ್ಕ ಹೋಗಿ ಬರ್ತೇನಿ. ಹೋಗವ್ರು ಹೋಗಿ ಬರ್ರಿ."

ಮೊನ್ನೆ ಹಿರಿಯ ಸಹೋದ್ಯೋಗಿಯೊಬ್ಬರು ಸ್ಟಾಫ್‌ರೂಮಿನಲ್ಲಿ ನನ್ನನ್ನು ತಡೆದರು. "ಮೇಡಂ, ಕ್ಲಾಸಿನ್ಯಾಗ ಹಂಗೆಲ್ಲ ಬಾಯಿಬಿಟ್ಟು ಹೇಳಬ್ಯಾಡ್ರಿ. ಗಂಡ್ ಹುಡುಗ್ರು ಇರ್ತಾರ. ಮರ್ಯಾದಿ ಇರ್ತದ."

"ಹೇಳ್ತೇನ್ರಿ ಸರ್," ಎಂದೆ. ಸಿಟ್ಟು ಈಗ ತಡವಾಗಿ ಬರುವುದಿಲ್ಲ. "ನಾಳಿಗೂ ಹೇಳ್ತೇನಿ."

ಇವತ್ತೂ ಹೇಳಿ ಬಾಗಿಲ ಕಡೆ ನಡೆದೆ. ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಒಂದು ಬೆಂಚು ಸರಿದ ಸದ್ದಾಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ತಿರುಗಿ ನೋಡಲಿಲ್ಲ. ಸುಮ್ಮನೆ ಮುಂದೆ ನಡೆದೆ. ನನ್ನ ಹಿಂದೆ ಅಷ್ಟೂ ಜನ ತಲೆ ಎತ್ತಿಕೊಂಡೇ ಬರುತ್ತಿದ್ದರು ಎಂದು ಆಮೇಲೆ ಒಬ್ಬಳು ಹೇಳಿದಳು.